ಮಾಳಮಡ್ಡಿಯ ಎರಡು ಮತಗಳು

ಕಳೆದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ಮೊಹರು ಹಾಕುತ್ತಿದ್ದರು. ಮೇಣಬತ್ತಿಯ ಉರಿಗೆ ಹಿಡಿದ ಅರಗು ಕರಗಿ ಬಟ್ಟೆಯ ಗಂಟಿನ ಮೇಲೆ ತೊಟ್ಟಿಕ್ಕಿದಾಗ ಅದರ ವಾಸನೆ ಶಿಕ್ಷಕರ ಕೊಠಡಿಯ ತನಕ ಬಂತು. ಎಂಟನೆಯ ತರಗತಿಯ ವಿಜ್ಞಾನದ ಅಂಕ ಕೂಡಿಸುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಅರಗಿನ ವಾಸನೆಯೆಂದರೆ ನನಗೆ ಈಗ ಪರೀಕ್ಷೆ ನೆನಪಾಗುವುದಿಲ್ಲ. ಕಳೆದ ಲೋಕಸಭಾ ಚುನಾವಣೆಯ ಬೇಸಿಗೆ ನೆನಪಾಗುತ್ತದೆ. ಆ ಬೇಸಿಗೆಯಲ್ಲಿ ನಾನು ಮತಪೆಟ್ಟಿಗೆ ಹಿಡಿದುಕೊಂಡು ಧಾರವಾಡದ ಮನೆ ಮನೆಗೆ ಹೋಗಿದ್ದೆ. ಸಂಜೆ ಪೆಟ್ಟಿಗೆಗೆ ಅರಗು ಹಾಕಿ ಒಪ್ಪಿಸಿ ಬಂದರೆ ನನ್ನ ಸೀರೆಯ ಸೆರಗಿಗೂ ಅದೇ ವಾಸನೆ ಹತ್ತಿರುತ್ತಿತ್ತು.

ಸರಕಾರಿ ಶಾಲೆಯ ಶಿಕ್ಷಕಿಗೆ ಚುನಾವಣೆ ಕೆಲಸ ಹೊಸದೇನಲ್ಲ. ಹಳ್ಳಿ ಶಾಲೆಗಳ ಮತಗಟ್ಟೆಯಲ್ಲಿ ಬೆಂಚು ಕೂಡಿಸಿಕೊಂಡು ಮಲಗಿದ್ದೇನೆ, ಯಾರಯಾರದೋ ಎಡಗೈ ಬೆರಳಿಗೆ ಶಾಯಿ ಹಚ್ಚಿದ್ದೇನೆ. ಆ ಸಲ ಬಂದ ಆದೇಶ ಮಾತ್ರ ಬೇರೆಯಾಗಿತ್ತು. ಎಂಬತ್ತೈದು ದಾಟಿದವರು, ನಡೆಯಲಾಗದವರು ಮೊದಲೇ ಕೇಳಿಕೊಂಡಿದ್ದರೆ ಅವರ ಮನೆಗೇ ಹೋಗಿ ಮತ ಪಡೆದು ಬರಬೇಕು. ಮತಯಂತ್ರವಿಲ್ಲ, ಕಾಗದದ ಮತಪತ್ರ, ಲಕೋಟೆ, ಗೋಂದು, ಮರೆಗೆ ಒಂದು ರಟ್ಟಿನ ಪರದೆ, ಒಂದು ಪೆಟ್ಟಿಗೆ. ನನ್ನ ಜೊತೆ ನೀರಾವರಿ ಇಲಾಖೆಯ ಮುಲ್ಲಾ ಸರ್, ಮದುವೆಗಳ ವಿಡಿಯೊ ತೆಗೆಯುವ ಬಸು, ಮತ್ತು ಒಬ್ಬ ಪೊಲೀಸ್. ನಮಗೆ ಬಂದ ಭಾಗ ಮಾಳಮಡ್ಡಿಯಿಂದ ಕೆಲಗೇರಿಯ ತನಕ.

ಹಳೆಯ ಬ್ರಾಹ್ಮಣ ಮನೆಗಳ ಮಾಳಮಡ್ಡಿ ಎಂದು ಕೇಳಿದಾಗ ನನಗೆ ಒಳಗೊಳಗೇ ಕುತೂಹಲ ಹುಟ್ಟಿತು. ನಾವು ಕೆಲಗೇರಿ ಕಡೆಯವರು. ಸಣ್ಣವಳಿದ್ದಾಗ ಶಾಲೆಗೆ ಹೋಗುತ್ತಿದ್ದುದು ಮಾಳಮಡ್ಡಿಯ ಓಣಿಗಳಲ್ಲೇ. ಮುಂಜಾನೆ ಆ ಮನೆಗಳೊಳಗಿಂದ ತಂಬೂರಿಯ ದನಿ ಬರುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು, ಯಾರೋ ಮಕ್ಕಳಿಗೆ ಇಂಗ್ಲಿಷ್ ಪಾಠ ಒಪ್ಪಿಸಲು ಹೇಳುವುದು ಕೇಳುತ್ತಿತ್ತು. ಕಿಟಕಿಯ ಅರ್ಧ ಪರದೆಯ ಮೇಲಿಂದ ಬರೀ ಛಾವಣಿ ಕಾಣುತ್ತಿತ್ತು, ತಿರುಗುವ ಪಂಖಾ ಕಾಣುತ್ತಿತ್ತು. ಅದರ ಕೆಳಗೆ ಏನಿದೆ ಎಂದು ನೋಡುವ ಪ್ರಸಂಗ ನನಗೆಂದೂ ಬಂದಿರಲಿಲ್ಲ.

ನನಗಿಂತ ಹೆಚ್ಚು ಕುತೂಹಲ ಅಪ್ಪನಿಗೆ. ಅಪ್ಪ ಶಿಕ್ಷಣ ಇಲಾಖೆಯಲ್ಲಿ ಜವಾನರಾಗಿ ನಿವೃತ್ತರಾದವರು. ಹರೆಯದಲ್ಲೇ ಬೌದ್ಧ ದೀಕ್ಷೆ ಪಡೆದು, ಸಣ್ಣ ಪಗಾರದಲ್ಲಿ ನಮ್ಮನ್ನೆಲ್ಲ ಓದಿಸಿದವರು. ಮತದಾನವೆಂದರೆ ಅವರಿಗೆ ಹಬ್ಬ. ಹಿಂದಿನ ದಿನವೇ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ಇಡುತ್ತಾರೆ. ಆದರೆ ಯಾರಿಗೆ ಹಾಕಿದಿರಿ ಎಂದು ನಾವು ಕೇಳಿಲ್ಲ, ಅವರು ಹೇಳಿಲ್ಲ. ಆ ಬೇಸಿಗೆಯಲ್ಲಿ ನಾನು ಮನೆಗೆ ಬರುವುದನ್ನೇ ಅವರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ರಾಜಕೀಯದ ಮಾತಿಲ್ಲ, "ಎಲ್ಲಿ ಕೂತ್ರಿ? ಕುರ್ಚಿ ಕೊಟ್ರ್ಯಾ? ಏನ ಮಾತಾಡಿದ್ರು?" ಇಂಥವೇ ಪ್ರಶ್ನೆಗಳು.

ಯಾರ ಮನೆಯಲ್ಲೂ ಚಹಾ, ತಿಂಡಿ ತೆಗೆದುಕೊಳ್ಳಬಾರದೆಂದು ನಮಗೆ ತರಬೇತಿಯಲ್ಲೇ ಹೇಳಿದ್ದರು. ಆ ನಿಯಮ ನನಗೂ ಅನುಕೂಲವಾಯಿತು, ಕೆಲವು ಮನೆಯವರಿಗೂ ಅನುಕೂಲವಾಯಿತು. ನನ್ನ ಹೆಸರು, ಅಡ್ಡಹೆಸರು ಕೇಳಿದ ಮೇಲೆ ಯಾವ ಲೋಟದಲ್ಲಿ ಚಹಾ ಬರುತ್ತದೆ ಎಂದು ನಾನು ನೋಡಬೇಕಾಗಲಿಲ್ಲ, ಅವರು ಯೋಚಿಸಬೇಕಾಗಲಿಲ್ಲ.

ಏಪ್ರಿಲ್ ಕೊನೆಯ ಬಿಸಿಲು. ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಒಂದು ಮನೆಯಲ್ಲಿ ಒಬ್ಬ ಅಜ್ಜಿ ಮದುವೆಯ ಸೀರೆಯುಟ್ಟು ಮೂಗುತಿ ಹಾಕಿಕೊಂಡು ಕೂತಿದ್ದರು; ಬಸುವಿನ ಕ್ಯಾಮೆರಾ ನೋಡಿ, ಇದು ಟಿವಿಯಲ್ಲಿ ಯಾವಾಗ ಬರುತ್ತದೆ ಎಂದು ಕೇಳಿದರು. ಇನ್ನೊಂದು ಮನೆಯಲ್ಲಿ ರೈಲ್ವೆಯ ನಿವೃತ್ತ ಗಾರ್ಡ್ ಒಬ್ಬರು ಹಾಸಿಗೆಯಲ್ಲಿ ಮಲಗಿದಲ್ಲೇ ಪೆಟ್ಟಿಗೆಗೆ ಸಲಾಮು ಹೊಡೆದರು. ಹೀಗೆ ಹೋಗುತ್ತಾ ಒಂದು ದಿನ ಮಧ್ಯಾಹ್ನ ನಾವು ದೇಶಪಾಂಡೆ ಎಂಬ ಹೆಸರಿನ ಫಲಕವಿದ್ದ ಹಳೆಯ ಹಂಚಿನ ಮನೆಗೆ ಹೋದೆವು. ಆ ಮನೆಯಲ್ಲಿ ಎರಡು ಮತಗಳಿದ್ದವು, ಗಂಡನದೊಂದು, ಹೆಂಡತಿಯದೊಂದು.

ನರಹರಿರಾವ್ ದೇಶಪಾಂಡೆಯವರು ಪಡಸಾಲೆಯಲ್ಲೇ ಕಾಯುತ್ತಿದ್ದರು. ತೊಂಬತ್ತರ ಆಸುಪಾಸು, ತೆಳ್ಳಗಿನ ಮೈ, ನೆಟ್ಟಗಿನ ಬೆನ್ನು.

"ಬರ್ರಿ, ಬರ್ರಿ. ನಿಮ್ಮದ ಹಾದಿ ನೋಡ್ಲಿಕ್ಹತ್ತಿದ್ದೆ," ಎಂದರು. "ನಾನೂ ಭಾಳ ಎಲೆಕ್ಷನ್ ಮಾಡ್ಸೀನ್ರಿ. ಆಗ ಕಾಗದದ ಮ್ಯಾಲೆ ಶಿಕ್ಕಾ ಹೊಡೀತಿದ್ರು. ಈಗ ನೀವು ಮತ್ತ ಕಾಗದಕ್ಕ ಬಂದ್ರಿ ನೋಡ್ರಿ."

ಒಳಗೆ ಕರೆದು ಕೂಡಿಸಿದರು. ನಡುಮನೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ, ಮೂಲೆಯಲ್ಲಿ ಬಟ್ಟೆಯ ಗವಸು ಹಾಕಿದ ತಂಬೂರಿ. ರಾಯರು ನನ್ನ ಗುರುತಿನ ಚೀಟಿ ನೋಡಿ, "ದೊಡ್ಡಮನಿ ಅಂತೀರಾ? ನಮ್ಮ ಶಿಕ್ಷಣ ಇಲಾಖಿ ಆಫೀಸಿನ್ಯಾಗ ಒಬ್ಬ ಯಲ್ಲಪ್ಪ ದೊಡ್ಡಮನಿ ಇದ್ದ. ಏನಾಗಬೇಕು ನಿಮಗ?" ಎಂದರು.

"ಅವರ ಮಗಳ್ರಿ ನಾ."

ರಾಯರು ಚೀಟಿಯನ್ನು ನನಗೆ ಮರಳಿಸಿದರು. "ಆರಾಮ ಇದ್ದಾನ..." ಎಂದು ಶುರು ಮಾಡಿ, ತಿದ್ದಿಕೊಂಡು, "ಆರಾಮ ಇದ್ದಾರ?" ಎಂದು ಕೇಳಿದರು.

"ಆರಾಮ ಅದಾರ್ರಿ."

ಮತಪತ್ರ ಕೊಟ್ಟೆವು. ರಟ್ಟಿನ ಪರದೆಯ ಹಿಂದೆ ರಾಯರು ಕೂತರು. ಇಷ್ಟು ಮಾತಿನ ಮನುಷ್ಯ ಚಟ್ಟನೆ ಮುಗಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪೆನ್ನಿನ ಟೋಪಿ ತೆಗೆದ ಸದ್ದು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಮುಲ್ಲಾ ಸರ್ ನನ್ನ ಕಡೆ ನೋಡಿದರು. ಕಡೆಗೆ ರಾಯರು ಲಕೋಟೆ ಅಂಟಿಸಿಕೊಂಡು ಎದ್ದು ಬಂದು ತಾವೇ ಪೆಟ್ಟಿಗೆಯೊಳಗೆ ಹಾಕಿದರು. ಎಂದೂ ಮಾಡದ ಕೆಲಸ ಮಾಡಿದವರ ಹಾಗೆ ಪೆಟ್ಟಿಗೆಯ ಸೀಳಿನೊಳಗೆ ಒಮ್ಮೆ ಇಣುಕಿ ನೋಡಿದರು.

"ಬಾಯಾರು ಎಲ್ಲಿ ಅದಾರ್ರಿ?" ಎಂದು ಕೇಳಿದೆ. ಅವರ ಹೆಂಡತಿ ಸುಮಿತ್ರಾಬಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು.

"ದವಾಖಾನಿಯಾಗ ಇದ್ದಾಳ. ಎದಿಯಾಗ ಕಫಾ ತುಂಬೇದ. ವಾರ ಆತು." ಆಮೇಲೆ ಹಗುರವಾಗಿ, "ಆಕಿದೂ ನನಗ ಕೊಡ್ರಲ್ಲಾ, ಹಾಕಿಬಿಡ್ತೀನಿ. ಮದವಿ ಆದಾಗಿಂದ ನಾ ಹೇಳಿದವರಿಗೇ ಹಾಕ್ಕೋತ ಬಂದಾಳ," ಎಂದರು.

"ಅದು ಆಗಂಗಿಲ್ರಿ ರಾಯರ."

"ಗೊತ್ತದ ನನಗ. ಕೇಳಿದೆ ಅಷ್ಟ."

ನಾನು ನಿಯಮ ಹೇಳಿದೆ. ಒಮ್ಮೆ ಸಿಗದಿದ್ದವರ ಮನೆಗೆ ನಾವು ಇನ್ನೊಮ್ಮೆ ಬರುತ್ತೇವೆ. ಅದೇ ಕೊನೆ. ಅಂದೂ ಸಿಗದಿದ್ದರೆ ಅವರ ಮತ ಹೋದ ಹಾಗೆಯೇ. ಮನೆಯ ಮತ ಕೇಳಿಕೊಂಡವರು ಆಮೇಲೆ ಮತಗಟ್ಟೆಗೆ ಹೋಗಿ ಹಾಕುವಂತಿಲ್ಲ. ಆಸ್ಪತ್ರೆಗೆ ಬರಬಹುದೇ ಎಂದು ರಾಯರು ಕೇಳಿದರು. ನಾನು ಅಲ್ಲಿಂದಲೇ ಮೇಲಿನವರಿಗೆ ಫೋನು ಮಾಡಿದೆ. ಮನೆಯ ವಿಳಾಸದಲ್ಲಿ ಮಾತ್ರ ಎಂಬ ಉತ್ತರ ಬಂತು. ಅಲ್ಲಿಯ ತನಕ ಜೋರಾಗಿ ಮಾತಾಡುತ್ತಿದ್ದ ರಾಯರು ತೂಗುಮಣೆಯ ಮೇಲೆ ಕೂತು ಸರಪಳಿ ಹಿಡಿದುಕೊಂಡರು. "ಆಕಿ ಒಂದ ಎಲೆಕ್ಷನ್ನೂ ತಪ್ಸಿಲ್ರಿ. ಮಗಳು ಹೊಟ್ಟಿಯಾಗ ಇದ್ದಾಗೂ ನಡಕೋತ ಹೋಗಿ ಹಾಕಿ ಬಂದಾಳ," ಎಂದರು.

ಅಂದು ಸಂಜೆ ಅಪ್ಪನಿಗೆ ಈ ಮನೆಯ ಹೆಸರು ಹೇಳಿದೆ. ಅಪ್ಪ ಕಟ್ಟೆಯಿಂದ ಇಳಿದು ನನ್ನ ಎದುರು ಬಂದು ನಿಂತರು.

"ಆ ಮನಿಗಿ ಹೋಗಿದ್ದ್ಯಾ? ಒಳಗ ಹೋದ್ಯಾ?"

"ಹೂಂ ಅಪ್ಪಾ. ನಡಮನ್ಯಾಗ ಕೂತಿದ್ವಿ. ನಿಮ್ಮನ್ನ ಕೇಳಿದ್ರು."

"ನನ್ನ ನೆನಪೈತಿ ಅವರಿಗಿ?" ಅಪ್ಪನ ಮುಖ ಅರಳಿತು. "ಆಗ ಅವರು ನಮ್ಮ ಸಾಹೇಬ್ರು, ರವಿವಾರ ಫೈಲು ತೊಗೊಂಡು ಹೋಗತಿದ್ನಿ. ಕೆಟ್ಟವರಲ್ಲವಾ ಅವರು. ಪಡಸಾಲ್ಯಾಗ ಸ್ಟೂಲು ಹಾಕಸ್ತಿದ್ರು. ಒಳಗ ಕರೀತಿದ್ದಿಲ್ಲ ಅಷ್ಟ. ಒಳಗಿಂದ ಬಾಯಾರು ಹಾಡೋದು ಕೇಳಸ್ತಿತ್ತು. ಸಹಿ ಆಗೂತನಕ ಅದನ್ನ ಕೇಳಕೋತ ಕುಂದರತಿದ್ನಿ." ಆಮೇಲೆ ದನಿ ತಗ್ಗಿಸಿ, "ಒಳಗ ಏನೇನೈತಿ, ಹೇಳು," ಎಂದರು.

ನಾನು ತೂಗುಮಣೆಯ ಬಗ್ಗೆ ಹೇಳಿದೆ, ಗೋಡೆ ಗಡಿಯಾರದ ಬಗ್ಗೆ, ಗವಸಿನೊಳಗಿನ ತಂಬೂರಿಯ ಬಗ್ಗೆ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಅದರದರ ಜಾಗದಲ್ಲಿ ಇಟ್ಟು ನೋಡುತ್ತಿದ್ದಂತೆ ಕಂಡರು.

ಎರಡನೆಯ ಭೇಟಿಯ ಹಿಂದಿನ ಸಂಜೆ ಅಡ್ಡಮಳೆ ಹೊಡೆಯಿತು. ಗುಲ್‌ಮೊಹರ್ ಹೂವೆಲ್ಲ ಉದುರಿ ಓಣಿ ಕೆಂಪಾಗಿತ್ತು. ನಾವು ಹೋದಾಗ ದೇಶಪಾಂಡೆಯವರ ಮನೆಗೆ ಕೀಲಿ ಹಾಕಿತ್ತು. ಎಲ್ಲರೂ ಆಸ್ಪತ್ರೆಗೆ ಹೋಗಿದ್ದಾರೆ ಎಂದರು ಪಕ್ಕದ ಮನೆಯವರು. ಮಗಳು ವಿದ್ಯಾಳ ನಂಬರಿಗೆ ಫೋನು ಮಾಡಿದೆ. ಆಕೆ ಹುಬ್ಬಳ್ಳಿಯಲ್ಲಿ ಹಲ್ಲಿನ ವೈದ್ಯೆ, ತಂದೆತಾಯಿಯ ಜೊತೆಯಲ್ಲೇ ಇರುವವಳು.

"ಡಾಕ್ಟರು ಇನ್ನೆರಡು ದಿನ ಇರ್ರಿ ಅಂತಾರ್ರಿ," ಎಂದಳು. ದನಿಯಲ್ಲಿ ಸುಸ್ತಿತ್ತು. "ಅಪ್ಪಾ ಮುಂಜಾನಿಯಿಂದ ಅವರ ಜೋಡಿ ವಾದಾ ಮಾಡ್ಲಿಕ್ಹತ್ಯಾರ. ಅವ್ವಾನೂ ಮನಿಗೆ ಹೋಗ್ತೀನಿ ಅಂತ ಕೂತಾಳ. ಸ್ವಲ್ಪ ನಿಲ್ಲಲಿಕ್ಕೆ ಆಗ್ತದೇನ್ರಿ?"

ಮುಲ್ಲಾ ಸರ್ ಗಡಿಯಾರ ನೋಡಿಕೊಂಡರು. ಅವರು ನಿಯಮದ ಮನುಷ್ಯ. ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅವರು, "ಕೆಲಗೇರಿ ಮನಿ ಮೊದಲ ಮುಗಸೋಣ ಬರ್ರಿ ಮೇಡಂ. ಸಂಜೀತನಕ ನಮ್ಮ ಟೈಮ್ ಐತಿ. ಮತ್ತ ಈ ಕಡೆ ಹೊಳ್ಳೋಣು," ಎಂದರು.

ಕೆಲಗೇರಿಯ ಕೆರೆಯ ದಂಡೆಯ ಮನೆಗಳನ್ನು ಮುಗಿಸಿ ನಾವು ಮಾಳಮಡ್ಡಿಗೆ ಮರಳುವಾಗ ಬಿಸಿಲು ಇಳಿಯುತ್ತಿತ್ತು. ಮನೆಗೆ ಇನ್ನೂ ಕೀಲಿ. ನಾವು ಗೇಟಿನ ಹೊರಗೆ ಜೀಪಿನ ನೆರಳಲ್ಲಿ ನಿಂತೆವು. ಒಬ್ಬ ಮುದುಕಿಯ ಒಂದು ಮತಕ್ಕಾಗಿ ನಾನು ಯಾಕೆ ಇಷ್ಟು ಚಡಪಡಿಸುತ್ತಿದ್ದೇನೆ ಎಂದು ನನಗೇ ಆಶ್ಚರ್ಯವಾಯಿತು. ಅವರ ಮುಖ ಕೂಡ ನಾನು ನೋಡಿರಲಿಲ್ಲ.

ಕಾರು ಬಂತು. ಮುಂದಿನ ಸೀಟಿನಲ್ಲಿ ಶಾಲು ಹೊದ್ದ ಸಣ್ಣ ದೇಹ. ಪಕ್ಕದ ಮನೆಯಿಂದ ಕುರ್ಚಿ ತಂದು, ಅದರಲ್ಲಿ ಕೂಡಿಸಿ, ನಮ್ಮ ಪೊಲೀಸಪ್ಪ ಒಂದು ಕಡೆ, ಬಸು ಒಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದರು. ಸುಮಿತ್ರಾಬಾಯಿ ಏದುಸಿರು ಬಿಡುತ್ತಿದ್ದರೂ, "ತಡಾ ಆತು, ತಪ್ಪು ತಿಳಕೋಬ್ಯಾಡ್ರಿ," ಎಂದರು.

ಸುಧಾರಿಸಿಕೊಂಡ ಮೇಲೆ ನಾನು ಮತಪತ್ರ ತೋರಿಸಿ ಹೇಗೆ ಗುರುತು ಮಾಡಬೇಕೆಂದು ವಿವರಿಸಿದೆ. ರಾಯರು ತಮ್ಮ ಕುರ್ಚಿಯನ್ನು ಎಳೆದು ಹೆಂಡತಿಯ ಪಕ್ಕಕ್ಕೆ ಹಾಕಿಕೊಂಡಿದ್ದರು.

"ನೀವು ಸ್ವಲ್ಪ ಹೊರಗ ಕೂಡ್ರಿ," ಎಂದರು ಸುಮಿತ್ರಾಬಾಯಿ.

"ಯಾಕ?"

"ಅಲ್ಲೆ ಗಾಳಿ ಛಲೋ ಬರ್ತದ."

"ನಿನಗ ಸಣ್ಣ ಅಕ್ಷರ ಕಾಣೂದಿಲ್ಲ ಸುಮಿತ್ರಾ." ರಾಯರು ನನ್ನ ಕಡೆ ತಿರುಗಿದರು. "ಕಣ್ಣು ಕಾಣದವರು ಒಬ್ಬರನ್ನ ಜೋಡಿ ಇಟ್ಕೋಬಹುದಲ್ರಿ? ಹಂಗಂತ ನಿಯಮನೇ ಅದ."

"ಐತ್ರಿ. ಆದ್ರ ಅದನ್ನ ಅವರು ಕೇಳಬೇಕ್ರಿ."

"ನಾ ಕೇಳಿಲ್ಲ," ಎಂದರು ಸುಮಿತ್ರಾಬಾಯಿ.

ಸಿಟ್ಟಾಗಲಿ ಹಟವಾಗಲಿ ಆ ದನಿಯಲ್ಲಿರಲಿಲ್ಲ. ರಾಯರು ನಿಧಾನವಾಗಿ ಎದ್ದರು. ಮುಂಜಾನೆಯಿಂದ ಡಾಕ್ಟರ ಜೊತೆ ವಾದ ಮಾಡಿ ಹೆಂಡತಿಯನ್ನು ಕರೆತಂದ ಮನುಷ್ಯ ಅವರು. ಎಳೆದುಕೊಂಡಿದ್ದ ಕುರ್ಚಿಯನ್ನು ಮೊದಲಿನ ಜಾಗಕ್ಕೆ ಸರಿಸಿ ಪಡಸಾಲೆಗೆ ಹೋದರು. ಮಗಳು ಭೂತಗನ್ನಡಿ ತಂದುಕೊಟ್ಟಳು. "ನೀನೂ ಹೋಗು," ಎಂದರು ತಾಯಿ. ದೀಪ ಹಾಕಿಸಿಕೊಂಡರು. ನಾನು ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತೆ.

ಹಿಂದಿನಿಂದ ಕಾಗದದ ಸದ್ದು, ಕೆಮ್ಮು, ಮತ್ತೆ ಕಾಗದದ ಸದ್ದು. ನಡುನಡುವೆ ಅವರು ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದರು. ಕಫ ಕಟ್ಟಿದ ಎದೆಯಿಂದ ಬರುತ್ತಿದ್ದರೂ ಆ ದನಿ ಎಲ್ಲೂ ಶ್ರುತಿ ತಪ್ಪುತ್ತಿರಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದುದು ಇದನ್ನೇ ಇರಬೇಕು ಎಂದುಕೊಂಡೆ. ಎದುರಿಗೆ ಪಡಸಾಲೆಯಲ್ಲಿ ರಾಯರು ಮುಲ್ಲಾ ಸರ್ ಜೊತೆ ಮಳೆಯ ಬಗ್ಗೆ ಮಾತು ತೆಗೆದಿದ್ದರು, ಕಣ್ಣು ಮಾತ್ರ ನನ್ನ ಮೇಲೆ. "ಆತೇನ್ರಿ?" ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಕಡೆಗೆ ಒಳಗಿನಿಂದ ಕರೆದರು. ಲಕೋಟೆ ಅಂಟಿಸಿ ಆಗಿತ್ತು. ಪೆಟ್ಟಿಗೆಯನ್ನು ಅವರ ಮಡಿಲ ತನಕ ಒಯ್ದು ಹಿಡಿದೆ. ಲಕೋಟೆ ಒಳಗೆ ಬಿದ್ದ ಮೇಲೆ ಅವರು ನನ್ನನ್ನು ನೋಡಿ ನಕ್ಕರು. "ಎಷ್ಟು ಸಣ್ಣ ಕೆಲಸ ಅಲ್ಲೇನ್ರಿ ಇದು?" ಎಂದರು. ನಗು ಕೆಮ್ಮಾಯಿತು. ಹೊರಡುವಾಗ, "ನಮ್ಮ ಮನಿಯಾಗ ನೀವು ಏನೂ ತೊಗೊಳ್ಳಿಲ್ಲ. ಮತಾ ಎಣಸೋ ದಿನಾ ಚಹಾಕ್ಕ ಬರ್ರಿ. ಆವತ್ತ ನಿಮಗೇನ ನಿಯಮ ಇರೂದಿಲ್ಲ," ಎಂದರು.

ಆಮೇಲೆ ಉಳಿದ ಊರಿನ ಮತದಾನ ಆಯಿತು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಿಸಿಲೇರುವ ಮೊದಲೇ ಹೋಗಿ, ಶಾಯಿಯ ಬೆರಳನ್ನು ನನಗೂ ನನ್ನ ಗಂಡನಿಗೂ ತೋರಿಸಿ, ದಿನವಿಡೀ ಸಂತೋಷವಾಗಿದ್ದರು. ನಮ್ಮ ಕಡೆ ಮತದಾನಕ್ಕೂ ಎಣಿಕೆಗೂ ನಡುವೆ ಬಹಳ ದಿನಗಳ ಅಂತರವಿತ್ತು. ಆ ದಿನಗಳಲ್ಲಿ ಧಾರವಾಡದಲ್ಲಿ ಯಾರು ಸಿಕ್ಕರೂ ಒಂದೇ ಮಾತು. ಕಾಯಿಪಲ್ಯದವಳು ತಕ್ಕಡಿ ಹಿಡಿದುಕೊಂಡು ದಿಲ್ಲಿಯ ಲೆಕ್ಕ ಹೇಳುತ್ತಿದ್ದಳು. ಕ್ಷೌರದಂಗಡಿಯಲ್ಲಿ ಸರಕಾರ ದಿನಕ್ಕೊಂದು ಬೀಳುತ್ತಿತ್ತು, ಏಳುತ್ತಿತ್ತು ಎಂದು ನನ್ನ ಗಂಡ ಬಂದು ಹೇಳುತ್ತಿದ್ದರು. ನನಗೆ ಮಾತ್ರ ಎಲ್ಲೋ ಬೀಗ ಹಾಕಿದ ಕೋಣೆಯಲ್ಲಿ ಸಾವಿರಾರು ಲಕೋಟೆಗಳ ನಡುವೆ ಬಿದ್ದಿರುವ ಒಂದು ಲಕೋಟೆ ಕಣ್ಣ ಮುಂದೆ ಬರುತ್ತಿತ್ತು. ಅಷ್ಟು ಹೊತ್ತು ಕೂತು ಏನು ಮಾಡಿದರು ಆಕೆ?

ಈ ಪ್ರಶ್ನೆ ನನ್ನೊಬ್ಬಳದೇ ಆಗಿರಲಿಲ್ಲ. ಒಂದು ದಿನ ರಾಯರ ಫೋನು ಬಂತು. ಅಪ್ಪನ ಆರೋಗ್ಯ ವಿಚಾರಿಸಿ, ಶಾಲೆಯ ಸುದ್ದಿ ಕೇಳಿ, ಕೊನೆಗೆ, "ಅಲ್ರಿ, ಆವತ್ತ ಆಕಿ ನಿಮ್ಮನ್ನ ಏನರ ಕೇಳಿದ್ಲಾ? ಇವರು ಯಾರು, ಅವರು ಯಾರು ಅಂತ?" ಎಂದರು.

"ದೀಪ ಹಚ್ಚರಿ ಅಂದ್ರು. ಬ್ಯಾರೆ ಏನೂ ಕೇಳಲಿಲ್ರಿ."

"ಹಂಗೇನು," ಎಂದು ಫೋನು ಇಟ್ಟರು.

ಜೂನ್ ಮೊದಲ ವಾರ. ಎಣಿಕೆಯ ದಿನ ಮುಂಜಾನೆಯಿಂದಲೇ ಮೋಡ. ನನಗೆ ಎಣಿಕೆಯ ಕೆಲಸ ಹಾಕಿರಲಿಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಹೊರಟಾಗ ಅಪ್ಪ ಒಂದು ಚೀಲದಲ್ಲಿ ಆಪೂಸ್ ಮಾವಿನಹಣ್ಣು ಹಾಕಿಕೊಟ್ಟರು. "ಬರಿಗೈಲೆ ಹೋಗಬ್ಯಾಡ," ಎಂದರು.

ದೇಶಪಾಂಡೆಯವರ ಮನೆಯಲ್ಲಿ ಟಿವಿ ಜೋರಾಗಿತ್ತು. ಸುಮಿತ್ರಾಬಾಯಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖಕ್ಕೆ ಕಳೆ ಬಂದಿತ್ತು. ತೂಗುಮಣೆಯ ತುದಿಗೆ ಕೂತ ನನಗೆ, "ಹಿಂದ ಸರದು ಆರಾಮ ಕೂಡ್ರಿ," ಎಂದರು. ವಿದ್ಯಾ ಎಲ್ಲರಿಗೂ ಒಂದೇ ಥರದ ಹೂವಿನ ಕಪ್ಪುಗಳಲ್ಲಿ ಚಹಾ ತಂದಳು. ಅಪ್ಪನಿಗೆ ಹೇಳಬೇಕೆಂದು ನಾನು ಕಪ್ಪಿನ ಬಣ್ಣವನ್ನೂ ನೋಡಿಟ್ಟುಕೊಂಡೆ.

ರಾಯರು ಟಿವಿಗೆ ಎದುರಾಗಿ ಕೂತಿದ್ದರೂ ಟಿವಿ ನೋಡುತ್ತಿರಲಿಲ್ಲ. ಒಂದೊಂದು ಸುತ್ತಿನ ಎಣಿಕೆ ಬಂದಾಗಲೂ ತಟ್ಟನೆ ಹೆಂಡತಿಯ ಮುಖ ನೋಡುತ್ತಿದ್ದರು. ಒಬ್ಬರು ಮುಂದೆ ಬಂದರು ಎಂದಾಗ ನೋಡಿದರು, ಅಂತರ ಕಡಿಮೆಯಾಯಿತು ಎಂದಾಗ ನೋಡಿದರು. ಸುಮಿತ್ರಾಬಾಯಿ ಒಮ್ಮೆ, "ಪಂಖಾ ಸಣ್ಣ ಮಾಡ್ರಿ," ಎಂದರು. ಇನ್ನೊಮ್ಮೆ, ಟಿವಿಯಲ್ಲಿ ಮಾತಾಡುವ ಹುಡುಗಿಯ ಸೀರೆ ಚೆನ್ನಾಗಿದೆ ಎಂದರು. ಅಷ್ಟೇ.

ನಡುವೆ ಜಾಹೀರಾತು ಬಂದಾಗ ರಾಯರು ನನ್ನ ಕಡೆ ತಿರುಗಿದರು. "ನಿಮ್ಮ ತಂದಿಯವರನ್ನ ಕರಕೊಂಡು ಬರಬೇಕಿತ್ತು." ಬಾಯಿಯ ತನಕ ಒಯ್ದ ಕಪ್ಪನ್ನು ಇಳಿಸಿ, "ಆಗ ನಾವು ಅವರನ್ನ ಪಡಸಾಲಿಯಾಗ ಕೂಡಸ್ತಿದ್ವಿ," ಎಂದರು.

"ಹೂಂ ರೀ. ಹೇಳ್ಯಾರ."

"ಹೇಳ್ಯಾರ?" ರಾಯರು ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತಾ ಕೂತರು. "ಇನ್ನೊಮ್ಮೆ ಕರಕೊಂಡು ಬರ್ರಿ. ಇಲ್ಲೆ ಒಳಗ ಕೂಡೋಣು."

ಅಪ್ಪ ಇನ್ನೂ ಹೋಗಿಲ್ಲ. ಆದರೆ ಕರೆದರು ಎಂಬುದನ್ನು ಅಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು.

ಮೂರು ಗಂಟೆಯ ಹೊತ್ತಿಗೆ ನಮ್ಮ ಕ್ಷೇತ್ರದ್ದು ಖಚಿತವಾಯಿತು. ಹೊರಗೆ ಎಲ್ಲೋ ಪಟಾಕಿ ಸಿಡಿದವು. ದೇಶದ ಎಣಿಕೆ ಇನ್ನೂ ನಡೆದಿತ್ತು. ಬೆಳಗಿನಿಂದ ಅಂದಾಜು ಹೇಳಿದವರೆಲ್ಲ ಈಗ ತಮ್ಮ ಅಂದಾಜು ಯಾಕೆ ಹೀಗಾಯಿತೆಂದು ವಿವರಿಸುತ್ತಿದ್ದರು. ಸುಮಿತ್ರಾಬಾಯಿ ಖುಷಿಪಡಲಿಲ್ಲ, ಬೇಸರವನ್ನೂ ತೋರಲಿಲ್ಲ. "ಆತಲ್ಲ, ಇನ್ನ ಅದನ್ನ ಬಂದ್ ಮಾಡ್ರಿ. ತಲಿ ನೋಯ್ತದ," ಎಂದರು. ರಾಯರು ರಿಮೋಟು ಒತ್ತಿದರು. ಮನೆ ಒಮ್ಮೆಲೇ ಶಾಂತವಾಯಿತು.

ಹೊರಟ ನನ್ನನ್ನು ಕಳಿಸಲು ರಾಯರು ಗೇಟಿನ ತನಕ ಬಂದರು. ಗೇಟಿನ ಅಗಳಿ ತೆಗೆಯದೆ ಅದರ ಮೇಲೆ ಕೈಯಿಟ್ಟು ನಿಂತರು.

"ನಿಮಗೊಂದು ಹೇಳ್ತೀನಿ. ಮನಸಿನ್ಯಾಗ ಇರ್ಲಿ," ಎಂದರು. "ನಾ ಈ ಸಲ ಯಾವತ್ತೂ ಹಾಕೋವರಿಗೆ ಹಾಕಿಲ್ರಿ."

ಅವರು ಯಾರಿಗೆ ಹಾಕಿದ್ದೆಂದೂ ಹೆಸರು ಹೇಳಿದರು.

"ಆಕಿ ದವಾಖಾನಿಯಾಗ ಇದ್ದಾಗ ಮನಿಯಾಗ ನಾ ಹೇಳಿದ್ದಕ್ಕ ಹೂಂ ಅನ್ನೋರೇ ಇರಲಿಲ್ಲ. ಪೇಪರ್ ಓದಿ ಒಬ್ಬನ ಮಾತಾಡ್ತಿದ್ದೆ. ಹಂಗ ಮಾತಾಡ್ಕೋತ ಒಂದಿನಾ ನನ್ನ ಮಾತು ನನಗ ಖರೇ ಅನಸಲಿಲ್ರಿ. ನೀವು ಮತಪತ್ರ ಕೊಟ್ಟಾಗೂ ಭಾಳ ಹೊತ್ತು ಯೋಚನೆ ಮಾಡಿದೆ. ಆಮ್ಯಾಲೆ ಹಾಕಿದೆ."

"ಅದಕ್ಕೇನಾತ್ರಿ ರಾಯರ?"

"ಆಕಿದು ಚಿಂತಿ ನನಗ. ನಾ ಮೊದಲಿಂದ ಹೇಳ್ಕೋತ ಬಂದದ್ದನ್ನ ನೆನಪಿಟ್ಟು ಹಂಗ ಹಾಕಿದ್ದರ? ಎರಡೂ ಮತಾ ಒಂದಕ್ಕೊಂದು ಹೊಡದು ಹೋದ್ವು. ಅದು ಹೋಗ್ಲಿ. ಆ ಜಡ್ಡಿನ್ಯಾಗ ಎದ್ದು ಬಂದು ನನ್ನ ಮಾತು ಉಳಸಲಿಕ್ಕೆ ಹಾಕಿದ್ಲಂದ್ರ..." ರಸ್ತೆಯ ಕಡೆ ನೋಡಿದರು.

"ಅವರನ್ನ ಕೇಳಿಬಿಡ್ರಲ್ಲ."

"ಕೇಳಿದ್ರ ನಂದೂ ಹೇಳಬೇಕಾಗ್ತದ," ಎಂದರು ರಾಯರು.

ಅಷ್ಟರಲ್ಲಿ ಒಳಗಿನಿಂದ ಸುಮಿತ್ರಾಬಾಯಿಯವರ ದನಿ ಬಂತು. ಹಣ್ಣಿನ ಚೀಲ ಮರೆತು ಹೊರಟಿದ್ದೀರಿ ಎಂದು ಕರೆದರು. ರಾಯರನ್ನು ಗೇಟಿನಲ್ಲೇ ಬಿಟ್ಟು ನಾನು ಒಳಗೆ ಹೋದೆ. ಚೀಲದಲ್ಲಿ ಚಟ್ನಿಪುಡಿಯ ಡಬ್ಬಿ ಹಾಕಿಟ್ಟಿದ್ದರು. ವಿದ್ಯಾ ಅಡುಗೆಮನೆಯಲ್ಲಿದ್ದಳು.

"ಏನಂದ್ರು ಅವರು?" ಎಂದು ಸುಮಿತ್ರಾಬಾಯಿ ಕೇಳಿದರು.

"ಏನಿಲ್ರಿ, ಹಿಂಗ ಮಾತು."

"ನನಗ ಗೊತ್ತದ. ಈ ಸಲ ಅವರು ಬ್ಯಾರೆಯವರಿಗೆ ಹಾಕ್ಯಾರ."

ನಾನು ಚೀಲ ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಪ್ರತೀ ಸಲ ಹೇಳತಿದ್ರು, ನೆನಪದ ಅಲ್ಲಾ, ನೆನಪದ ಅಲ್ಲಾ ಅಂತ. ಈ ಸಲ ದವಾಖಾನಿಯಾಗ ಬಾಜೂಕ ಕೂತು ಎಲ್ಲಾ ಮಾತಾಡಿದ್ರು. ಮತಾ ಹಾಕಲಿಕ್ಕೆ ಮನಿಗೆ ಹೋಗೋಣು ಅಂದ್ರು. ಯಾರಿಗೆ ಅನ್ನೂದೊಂದು ಹೇಳಲಿಲ್ಲ. ಆಗ ತಿಳೀತು."

"ಅದಕ್ಕ ಅವರನ್ನ ಹೊರಗ ಕಳಿಸಿದ್ರೇನ್ರಿ?"

"ಬಾಜೂಕ ಕೂತಿದ್ರ ಏನರ ಹೇಳಬೇಕಾಗ್ತಿತ್ತು. ಪಾಪ, ಅವರಿಗೆ ತ್ರಾಸ ಆಗ್ತಿತ್ತು." ಅವರು ಶಾಲು ಸರಿಮಾಡಿಕೊಂಡರು. ಕಣ್ಣಲ್ಲಿ ನಗು ಇಣುಕಿತು. "ಮತ್ತ ನನಗೂ ನೋಡಬೇಕಾಗಿತ್ರಿ. ಯಾರೂ ಹೇಳೋರು ಇಲ್ಲದಾಗ ನಾ ಯಾರಿಗೆ ಹಾಕ್ತೀನಿ ಅಂತ."

ಮತಗಟ್ಟೆಯ ಕೆಲಸ ಮಾಡಿದವರು ಯಾರನ್ನೂ ಎಂದೂ ಕೇಳಬಾರದ ಪ್ರಶ್ನೆ ಒಂದಿದೆ. ಅಂದು ನನಗೆ ಕೆಲಸವಿರಲಿಲ್ಲ. ಕೇಳಿಬಿಟ್ಟೆ. "ಯಾರಿಗೆ ಹಾಕಿದ್ರಿ ಬಾಯಾರ?"

ಅವರು ನನ್ನ ಕೈ ಹಿಡಿದು ಎಳೆದು ಬಗ್ಗಿಸಿಕೊಂಡರು. ಕಿವಿಯ ಹತ್ತಿರ ಬಾಯಿಟ್ಟು ಒಂದು ಹೆಸರು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ರಾಯರು ಹೇಳಿದ ಹೆಸರನ್ನೂ ಬರೆಯುವುದಿಲ್ಲ. ಎರಡನ್ನೂ ಮನಸ್ಸಿನಲ್ಲಿ ಪಕ್ಕಪಕ್ಕಕ್ಕೆ ಇಟ್ಟು ನೋಡಿದಾಗ ನಗು ತಡೆಯಲಾಗಲಿಲ್ಲ ಎಂದಷ್ಟೇ ಹೇಳಬಲ್ಲೆ. ಸುಮಿತ್ರಾಬಾಯಿ ನನ್ನ ನಗುವನ್ನು ಕಂಡು ಹುಬ್ಬೇರಿಸಿದರು. ಅವರಿಗೂ ನಾನು ಏನೂ ಹೇಳಲಿಲ್ಲ.

ಗೇಟಿಗೆ ಬಂದಾಗ ಸಣ್ಣ ಹನಿ ಶುರುವಾಗಿತ್ತು. ರಾಯರು ನಿಂತಲ್ಲೇ ನಿಂತಿದ್ದರು.

"ಏನಂದ್ಲು? ಯಾಕ ನಗಲಿಕ್ಹತ್ತೀರಿ?"

"ಚಟ್ನಿಪುಡಿ ಖಾರ ಐತಿ, ಅಪ್ಪಾಗ ನೋಡಿ ಕೊಡ್ರಿ ಅಂದ್ರು."

ಅವರು ಮಧ್ಯಾಹ್ನವೆಲ್ಲ ಹೆಂಡತಿಯ ಮುಖವನ್ನು ನೋಡಿದ ಹಾಗೆಯೇ ನನ್ನ ಮುಖವನ್ನೂ ನೋಡಿದರು.

"ಖರೇನ?"

"ಖರೇರಿ."

ಸ್ಕೂಟರು ಚಾಲೂ ಮಾಡಿ ಓಣಿಯ ತಿರುವಿನ ತನಕ ಹೋದೆ. ಕನ್ನಡಿಯಲ್ಲಿ ನೋಡಿದರೆ ರಾಯರು ಇನ್ನೂ ಗೇಟಿನಲ್ಲೇ ಇದ್ದರು. ಮಳೆ ಜೋರಾಗುತ್ತಿತ್ತು. ಒಳಗಿನಿಂದ ಕರೆದಿರಬೇಕು, ಬಾಗಿಲ ಕಡೆ ತಿರುಗಿ ಏನೋ ಕೇಳಿದರು. ಉತ್ತರ ಬಂತೋ ಇಲ್ಲವೋ, ತಲೆಯ ಮೇಲೆ ಕೈಯಿಟ್ಟುಕೊಂಡು ಲಗುಬಗೆಯಿಂದ ಮೆಟ್ಟಿಲು ಹತ್ತಿ ಒಳಗೆ ಹೋದರು.